ಸರ್ ಆಲ್ಬರ್ಟ್ ಸಸೂನ್: ಬಾಗ್ದಾದಿನಿಂದ ಮುಂಬಯಿ ಶಾಸನ ಪರಿಷತ್ತಿಗೆ

ಕೊಲಾಬಾದ ಸಸೂನ್ ಡಾಕ್, ಕಾಲಾ ಘೋಡಾದ ಡೇವಿಡ್ ಸಸೂನ್ ಗ್ರಂಥಾಲಯ, ಪುಣೆಯ ಸಸೂನ್ ಆಸ್ಪತ್ರೆ. ವಿಠ್ಠಲವಾಡಿ, ಕಲ್ಯಾಣ, ಡೊಂಬಿವಲಿ ಪರಿಸರದಲ್ಲಿ ನೆಲೆಸಿ ನಿತ್ಯ ಲೋಕಲ್ ಗಾಡಿಯಲ್ಲಿ ಮಹಾನಗರಕ್ಕೆ ಹೋಗಿಬರುವ ನಮಗೆ ಈ ಹೆಸರುಗಳು ಚಿರಪರಿಚಿತ. ಇವುಗಳ ಹಿಂದಿರುವ ಮನೆತನವೂ ನಮ್ಮಂತೆಯೇ ಹೊರಗಿನಿಂದ ಬಂದು ಇಲ್ಲಿ ನೆಲೆ ಕಂಡುಕೊಂಡದ್ದು ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಆ ಮನೆತನದಿಂದ ಮುಂಬಯಿ ಪ್ರಾಂತ್ಯದ ಶಾಸನ ಪರಿಷತ್ತನ್ನು ಪ್ರವೇಶಿಸಿದ ಸರ್ ಆಲ್ಬರ್ಟ್ ಸಸೂನ್ ಅವರ ಜೀವನವನ್ನು ಇಲ್ಲಿ ಸಂಗ್ರಹವಾಗಿ ನೀಡುತ್ತಿದ್ದೇವೆ.

ಜನನ ಮತ್ತು ವಲಸೆ

ಆಲ್ಬರ್ಟ್ ಅವರ ಮೂಲ ಹೆಸರು ಅಬ್ದುಲ್ಲಾ. 1818ರ ಜುಲೈ 25ರಂದು ಬಾಗ್ದಾದಿನ ಯಹೂದಿ ವರ್ತಕ ಕುಟುಂಬದಲ್ಲಿ ಜನಿಸಿದರು. ಅಲ್ಲಿನ ಅಧಿಪತಿ ದಾವೂದ್ ಪಾಷಾನ ಕಿರುಕುಳವನ್ನು ತಾಳಲಾರದೆ ತಂದೆ ಡೇವಿಡ್ ಸಸೂನ್ ಊರು ತೊರೆದರು. ಕೆಲಕಾಲ ಪರ್ಷಿಯಾದ ಬುಶೈರ್ ಬಂದರಿನಲ್ಲಿದ್ದು, 1832ರಲ್ಲಿ ಮುಂಬಯಿಗೆ ಬಂದು ನೆಲೆಸಿದರು. ಇಲ್ಲಿ ಅವರು ಕಟ್ಟಿದ ವ್ಯಾಪಾರ ಸಂಸ್ಥೆಯು ಚೀನಾ ಮತ್ತು ಇಂಗ್ಲೆಂಡಿನವರೆಗೆ ಹಬ್ಬಿತು. ಕೊನೆಯವರೆಗೂ ಬಾಗ್ದಾದಿನ ಉಡುಪನ್ನೇ ತೊಡುತ್ತಿದ್ದ ಡೇವಿಡ್ 1864ರಲ್ಲಿ ಪುಣೆಯಲ್ಲಿ ನಿಧನರಾದಾಗ, ಸಂಸ್ಥೆಯ ಹೊಣೆ ಹಿರಿಯ ಮಗನಾದ ಅಬ್ದುಲ್ಲಾ ಅವರ ಹೆಗಲೇರಿತು.

ಸಂಪತ್ತಿನ ಮೂಲ

ಈ ಸಂಪತ್ತಿನ ಮೂಲವನ್ನು ಮರೆಮಾಚುವುದು ಸರಿಯಲ್ಲ. ಹತ್ತಿ ಮತ್ತು ನೂಲಿನ ವ್ಯಾಪಾರದೊಂದಿಗೆ, ಮಾಳವ ಪ್ರದೇಶದ ಅಫೀಮನ್ನು ಚೀನಾಕ್ಕೆ ಸಾಗಿಸುವ ವ್ಯವಹಾರದಲ್ಲಿ ಸಸೂನರು ಅಗ್ರಗಣ್ಯರಾಗಿದ್ದರು. ಅಂದಿನ ಬ್ರಿಟಿಷ್ ಆಡಳಿತದ ಕಾನೂನು ಅದನ್ನು ನಿಷೇಧಿಸಿರಲಿಲ್ಲ. ಸರಕಾರದ ಬೊಕ್ಕಸಕ್ಕೂ ಅದರಿಂದ ಅಪಾರ ಆದಾಯವಿತ್ತು. ಆದರೆ ಚೀನಾದ ಅಸಂಖ್ಯ ಕುಟುಂಬಗಳು ಆ ಚಟಕ್ಕೆ ಬಲಿಯಾದವು. ಮುಂಬಯಿಯ ಆಸ್ಪತ್ರೆ, ಶಾಲೆಗಳಿಗೆ ಹರಿದ ಹಣದಲ್ಲಿ ಇದರ ಪಾಲೂ ಇತ್ತೆಂಬುದು ಇತಿಹಾಸ.

ಶಾಸನ ಪರಿಷತ್ತಿನಲ್ಲಿ

1861ರ ಕಾಯಿದೆಯಿಂದ ಮುಂಬಯಿ ಪ್ರಾಂತ್ಯಕ್ಕೆ ಶಾಸನ ಪರಿಷತ್ತು ದೊರೆಯಿತು. 1860ರ ದಶಕದ ಕೊನೆಯಲ್ಲಿ ಅಬ್ದುಲ್ಲಾ ಅದರ ಸದಸ್ಯರಾದರು. ಇಂಗ್ಲೆಂಡಿನ ಕೆಳಮನೆಯಲ್ಲೇ ಯಹೂದಿ ಸದಸ್ಯರೊಬ್ಬರು ತಮ್ಮ ಧರ್ಮಕ್ಕೆ ಒಪ್ಪುವ ಪ್ರಮಾಣವಚನದೊಂದಿಗೆ ಆಸನ ಪಡೆದದ್ದು 1858ರಲ್ಲಷ್ಟೇ ಎಂಬುದನ್ನು ನೆನೆದರೆ ಈ ಸ್ಥಾನದ ಮಹತ್ವ ತಿಳಿಯುತ್ತದೆ.

ಕನ್ನಡಿಗರಿಗೂ ಈ ಪರಿಷತ್ತು ಪರಕೀಯವಲ್ಲ. ಧಾರವಾಡ, ಬೆಳಗಾವಿ, ವಿಜಾಪುರ ಸೀಮೆಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು. 1862ರಲ್ಲಿ ಉತ್ತರ ಕನ್ನಡವೂ ಮದರಾಸಿನಿಂದ ಮುಂಬಯಿಗೆ ಸೇರಿತು. ನಮ್ಮಲ್ಲಿ ಹಲವರ ಪೂರ್ವಜರ ನೆಲಕ್ಕೆ ಕಾನೂನು ರೂಪುಗೊಳ್ಳುತ್ತಿದ್ದುದು ಅಲ್ಲಿಯೇ. ಆದರೆ ಸದಸ್ಯರನ್ನು ನೇಮಿಸುತ್ತಿದ್ದವರು ಗವರ್ನರರು. ಪ್ರಜೆಗಳಿಗೆ ಮತದಾನದ ಹಕ್ಕಿರಲಿಲ್ಲ. ಸದಸ್ಯರಿಗೂ ಸರಕಾರವನ್ನು ಪ್ರಶ್ನಿಸುವ ಅವಕಾಶ 1892ರ ಕಾಯಿದೆಯವರೆಗೆ ಒದಗಲಿಲ್ಲ. ಸಿರಿವಂತಿಕೆ, ದಾನ ಹಾಗೂ ರಾಜನಿಷ್ಠೆಗಳೇ ಆ ಸ್ಥಾನಕ್ಕೆ ಅರ್ಹತೆಯಾಗಿದ್ದವು.

ಲೋಕೋಪಯೋಗಿ ಕಾರ್ಯಗಳು

ಕೊಲಾಬಾದಲ್ಲಿ ಸಮುದ್ರವನ್ನು ಹಿಮ್ಮೆಟ್ಟಿಸಿ ಪಡೆದ ನೆಲದಲ್ಲಿ ಕಟ್ಟಿಸಿದ ಸಸೂನ್ ಡಾಕ್ 1875ರಲ್ಲಿ ಪೂರ್ಣಗೊಂಡಿತು. ಒಂದು ಕಾಲದಲ್ಲಿ ಹತ್ತಿಯ ಹೊರೆಗಳನ್ನು ಕಂಡ ಆ ಧಕ್ಕೆ ಇಂದು ಮೀನುಗಾರಿಕೆಯ ದೊಡ್ಡ ಕೇಂದ್ರ. ಎಲ್ಫಿನ್‌ಸ್ಟನ್ ಹೈಸ್ಕೂಲಿನ ಕಟ್ಟಡಕ್ಕೂ ಅವರು ಉದಾರವಾಗಿ ನೆರವಾದರು. 1875ರಲ್ಲಿ ಇಲ್ಲಿಗೆ ಬಂದ ಬ್ರಿಟಿಷ್ ಯುವರಾಜನ ಭೇಟಿಯ ಸ್ಮರಣಾರ್ಥ ಅವರು ನೀಡಿದ ಅಶ್ವಾರೂಢ ಪ್ರತಿಮೆಯಿಂದಲೇ ‘ಕಾಲಾ ಘೋಡಾ’ ಎಂಬ ಹೆಸರು ಹುಟ್ಟಿತು. ಆ ಪ್ರತಿಮೆ 1965ರಲ್ಲಿ ಅಲ್ಲಿಂದ ಭಾಯಖಳಾದ ಉದ್ಯಾನಕ್ಕೆ ಹೋಯಿತು. 2017ರಲ್ಲಿ ಹಳೆಯ ಬಡಾವಣೆಯಲ್ಲಿ ಸವಾರನಿಲ್ಲದ ಹೊಸ ಕುದುರೆ ನಿಂತಿತು.

ಇಂಗ್ಲೆಂಡಿಗೆ

1872ರಲ್ಲಿ ಸರ್ ಪದವಿ, 1873ರಲ್ಲಿ ಲಂಡನ್ ನಗರದ ಗೌರವ ಪೌರತ್ವ ದೊರೆತವು. ಬಳಿಕ ಅವರು ಇಂಗ್ಲೆಂಡಿನಲ್ಲಿಯೇ ನೆಲೆಸಿ, 1890ರಲ್ಲಿ ಬ್ಯಾರೊನೆಟ್ ಪದವಿ ಪಡೆದು, 1896ರ ಅಕ್ಟೋಬರ್ 24ರಂದು ಬ್ರೈಟನ್ನಿನಲ್ಲಿ ಕೊನೆಯುಸಿರೆಳೆದರು. ಮುಂಬಯಿಯಲ್ಲಿ ಹುಟ್ಟಿದ ಮಗ ಎಡ್ವರ್ಡ್ 1899ರಿಂದ 1912ರವರೆಗೆ, ಮೊಮ್ಮಗ ಫಿಲಿಪ್ 1912ರಿಂದ 1939ರವರೆಗೆ ಹೈಥ್ ಕ್ಷೇತ್ರದಿಂದ ಬ್ರಿಟಿಷ್ ಸಂಸತ್ತಿನಲ್ಲಿದ್ದರು. ತಂದೆಗೆ ನಾಮಕರಣದಿಂದ ಸಿಕ್ಕ ಸ್ಥಾನವನ್ನು ಮಗ, ಮೊಮ್ಮಗ ಮತದಾರರಿಂದ ಪಡೆದರು. ಆದರೆ ಅದು ಬೇರೆ ದೇಶದಲ್ಲಿ.

ಉಳಿದವರು

ಮುಂಬಯಿಯ ಯಹೂದಿಗಳೆಂದರೆ ಸಸೂನರು ಮಾತ್ರವಲ್ಲ. ಕೊಂಕಣದ ಹಳ್ಳಿಗಳಲ್ಲಿ ಎಣ್ಣೆ ತೆಗೆಯುತ್ತ, ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ‘ಶನಿವಾರ ತೇಲಿ’ ಎನಿಸಿಕೊಂಡ ಬೆನೆ ಇಸ್ರೇಲರು ಮರಾಠಿಯನ್ನೇ ಮನೆಮಾತಾಗಿಸಿಕೊಂಡವರು. ನಮ್ಮ ನೆರೆಯ ಠಾಣೆಯಲ್ಲಿ ಅವರ ಪ್ರಾರ್ಥನಾ ಮಂದಿರ 1879ರಿಂದಲೂ ಇದೆ. ಆ ಸಮಾಜದ ಡಾ. ಇ. ಮೋಸೆಸ್ 1937ರಲ್ಲಿ ಮುಂಬಯಿಯ ಮೇಯರರಾದರು. ಮಹಾಲಕ್ಷ್ಮಿಯ ಬಳಿಯ ರಸ್ತೆಯೊಂದು ಅವರ ಹೆಸರನ್ನು ಹೊತ್ತಿದೆ.

ಸಸೂನರ ವೈಭವ ನಗರದಿಂದ ಹೊರಟುಹೋಯಿತು. ಉಳಿದದ್ದು ಜಾತಿ, ಭಾಷೆಗಳ ಭೇದವಿಲ್ಲದೆ ಎಲ್ಲರಿಗೂ ತೆರೆದ ಗ್ರಂಥಾಲಯ, ಆಸ್ಪತ್ರೆ, ಧಕ್ಕೆಗಳು. ಪರಸ್ಥಳದಲ್ಲಿ ಸಂಘ, ಶಾಲೆಗಳನ್ನು ಕಟ್ಟಿಕೊಂಡ ಕನ್ನಡಿಗರಾದ ನಾವು ಇದನ್ನು ಗಮನಿಸಬೇಕು. ಗವರ್ನರರ ಕೃಪೆಯಿಂದ ಅವರಿಗೆ ಒದಗಿದ ಮಾತಿನ ಅಧಿಕಾರವು ಇಂದು ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರಿಗೂ ಇದೆ. ನೆಲೆನಿಂತ ಊರಿನ ಹಿತಕ್ಕಾಗಿ ಅದನ್ನು ಬಳಸಲು ಸಿರಿವಂತಿಕೆಯ ಅಗತ್ಯವಿಲ್ಲ.