ಕಾರ್ಬಾಲಿಕ್ ತಿಂದ ಮ್ಯಾಂಚೆಸ್ಟರ್ ಚರಂಡಿ

ಹಳೆಯ ಕೆಂಪು ಲೈಫ್‌ಬಾಯ್ ಸೋಪಿನ ಆಸ್ಪತ್ರೆ ವಾಸನೆ ನೆನಪಿರುವವರಿಗೆ ಫೀನಾಲ್ ಅಪರಿಚಿತವಲ್ಲ. ಜರ್ಮನಿಯ ರುಂಗೆ 1834ರಲ್ಲಿ ಅದನ್ನು ಕಲ್ಲಿದ್ದಲ ಡಾಂಬರಿನಿಂದ ಬೇರ್ಪಡಿಸಿ ಕಾರ್ಬಾಲಿಕ್ ಆಸಿಡ್ ಎಂದು ಕರೆದ. ಕಾರ್ಖಾನೆಗಳು ಹೊಳೆಗೆ ಬಿಡುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದೆಂಬುದು ಈಗ ಭಾರತದ ನಿಯಮ. ಆದರೆ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಅದನ್ನೇ ದುಡ್ಡು ಕೊಟ್ಟು ಚರಂಡಿಗೆ ಸುರಿಯುತ್ತಿದ್ದರು.

ಹಾಗೆ ಸುರಿಯಲು ಕಲಿಸಿದ್ದು ಮ್ಯಾಂಚೆಸ್ಟರ್. ಅಲ್ಲಿನ ರಾಬರ್ಟ್ ಆಂಗಸ್ ಸ್ಮಿತ್ ಮತ್ತು ಅಲೆಕ್ಸಾಂಡರ್ ಮ್ಯಾಕ್‌ಡೂಗಲ್ ಸೇರಿ ಕಾರ್ಬಾಲಿಕ್ ಬೆರೆತ ಪುಡಿಯೊಂದನ್ನು ಮಾರುಕಟ್ಟೆಗೆ ತಂದರು. ಕಾರ್ಲೈಲ್ ಊರಿನ ಕೊಳಚೆಗೆ ಕಾರ್ಬಾಲಿಕ್ ಹಾಕಿದಾಗ ದುರ್ನಾತ ಅಡಗಿತು. ಆ ನೀರು ಹಾಯಿಸಿದ ಹುಲ್ಲುಗಾವಲಿನಲ್ಲಿ ಮೇಯುತ್ತಿದ್ದ ದನಗಳ ಜಂತುಬಾಧೆಯೂ ನಿಂತಿತಂತೆ. ಈ ಸುದ್ದಿ ಗ್ಲಾಸ್ಗೋದಲ್ಲಿದ್ದ ಶಸ್ತ್ರವೈದ್ಯ ಜೋಸೆಫ್ ಲಿಸ್ಟರನ ಕಿವಿಗೆ ಬಿತ್ತು. 1865ರ ಆಗಸ್ಟಿನಲ್ಲಿ, ಗಾಡಿ ಹರಿದು ಕಾಲಿನ ಮೂಳೆ ಮುರಿದುಕೊಂಡು ಬಂದ ಹುಡುಗನೊಬ್ಬನ ಗಾಯಕ್ಕೆ ಲಿಸ್ಟರ್ ಕಾರ್ಬಾಲಿಕ್ ಹಚ್ಚಿ ಪಟ್ಟಿ ಕಟ್ಟಿದ. ಗಾಯ ಕೀವಾಗಲಿಲ್ಲ, ಕಾಲು ಉಳಿಯಿತು. ಶಸ್ತ್ರಚಿಕಿತ್ಸೆಯ ದಿಕ್ಕು ಬದಲಿಸಿದ ಔಷಧಿ ಚರಂಡಿಯ ದಾರಿಯಲ್ಲಿ ಬಂತೆಂಬುದನ್ನು ವೈದ್ಯರು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ.

ಅಷ್ಟರಲ್ಲಿ ಯಾರೂ ಬೇಡದ ಫೀನಾಲ್ ಇನ್ನೊಂದು ಕಡೆಯಿಂದ ಹರಿದುಬರುತ್ತಿತ್ತು. ಬೀದಿದೀಪಗಳಿಗೆ ಬೇಕಾದ ಅನಿಲಕ್ಕಾಗಿ ಗ್ಯಾಸ್ ಕಾರ್ಖಾನೆಗಳು ಕಲ್ಲಿದ್ದಲನ್ನು ಗಾಳಿಯಾಡದಂತೆ ಮುಚ್ಚಿ ಕಾಯಿಸುತ್ತಿದ್ದವು. ಹೊರಟ ಅನಿಲವನ್ನು ನೀರಿನಲ್ಲಿ ತೊಳೆದರೆ ಅಮೋನಿಯ, ಫೀನಾಲ್ ಎರಡೂ ನೀರಿಗೆ ಇಳಿಯುತ್ತಿದ್ದವು. ಅಮೋನಿಯಕ್ಕೆ ಗೊಬ್ಬರವಾಗಿ ಬೆಲೆಯಿತ್ತು, ಅದನ್ನು ಬಟ್ಟಿಯಿಳಿಸಿ ತೆಗೆದುಕೊಳ್ಳುತ್ತಿದ್ದರು. ಉಳಿದ ಕಂದು ನೀರು ಚರಂಡಿಗೆ. ಕೊಳಚೆಯನ್ನು ಬ್ಯಾಕ್ಟೀರಿಯಾಗಳಿಂದ ಶುದ್ಧ ಮಾಡಿಸಲು ನಗರಗಳು ಆಗತಾನೆ ಕಲಿಯುತ್ತಿದ್ದವು. ಅಂಥ ತೊಟ್ಟಿಗೆ ಬ್ಯಾಕ್ಟೀರಿಯಾ ಕೊಲ್ಲುವ ನೀರು ಬಂದರೆ ಗತಿಯೇನು?

ಉತ್ತರ ಸಿಕ್ಕಿದ್ದೂ ಮ್ಯಾಂಚೆಸ್ಟರಿನಲ್ಲೇ. ಅಲ್ಲಿ ಕೊಳಚೆ ಶುದ್ಧೀಕರಣದ ಕೆಲಸದಲ್ಲಿದ್ದ ರಸಾಯನ ವಿಜ್ಞಾನಿ ಗಿಲ್ಬರ್ಟ್ ಫೌಲರ್, ಅವನ ಜೊತೆಗಾರರಾದ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಕೆಲವು ಜಾತಿಯ ಬ್ಯಾಕ್ಟೀರಿಯಾಗಳು ಫೀನಾಲನ್ನೇ ಆಹಾರ ಮಾಡಿಕೊಳ್ಳುವುದನ್ನು ಕಂಡರು. 1910ರ ಆಸುಪಾಸಿನಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅದನ್ನು ಬರೆದರು. ಎಲ್ಲವೂ ಪ್ರಮಾಣದ ಪ್ರಶ್ನೆ. ಸಾರ ಹೆಚ್ಚಿದ್ದರೆ ವಿಷ. ತೆಳುವಾಗಿಸಿ, ಬಿಡುವು ಕೊಟ್ಟು ರೂಢಿ ಮಾಡಿಸಿದರೆ ಊಟ.

ಅಂಥ ಬ್ಯಾಕ್ಟೀರಿಯಾಗಳಿಗೆ ನೆಲೆಯಾಗುವ ತೊಟ್ಟಿಯೂ ಅಲ್ಲೇ ಹುಟ್ಟಿತು. 1912ರಲ್ಲಿ ಫೌಲರ್ ಅಮೆರಿಕದ ಲಾರೆನ್ಸ್ ಪ್ರಯೋಗಕೇಂದ್ರದಲ್ಲಿ ಕೊಳಚೆಗೆ ಗಾಳಿ ಊದುವ ಪ್ರಯೋಗ ನೋಡಿ ಬಂದ. ಅವನ ಸೂಚನೆಯಂತೆ ಆರ್ಡರ್ನ್, ಲಾಕೆಟ್ ಡೇವಿಹುಲ್ಮ್ ಶುದ್ಧೀಕರಣ ಕೇಂದ್ರದಲ್ಲಿ ಬಾಟಲಿಗಳಿಗೆ ಕಂದು ಕಾಗದ ಸುತ್ತಿ ಗಾಳಿ ಹಾಯಿಸತೊಡಗಿದರು. ಮೊದಲ ಸಲ ಕೊಳಚೆ ಪೂರ್ತಿ ಶುದ್ಧವಾಗಲು ಐದು ವಾರ ಹಿಡಿಯಿತು. ಎಲ್ಲರೂ ಎಸೆಯುತ್ತಿದ್ದ, ಬ್ಯಾಕ್ಟೀರಿಯಾ ತುಂಬಿದ ಅಡಿಯ ರಾಡಿಯನ್ನು ಅವರು ಎಸೆಯಲಿಲ್ಲ. ಅದರ ಮೇಲೇ ಹೊಸ ಕೊಳಚೆ ಸುರಿದರು, ಮತ್ತೆ ಮತ್ತೆ. ಹೆಪ್ಪಿಗೆಂದು ಮೊಸರು ಎತ್ತಿಡುವ ಲೆಕ್ಕ. ಕೊನೆಗೆ ಅದೇ ಕೆಲಸ ಒಂದು ದಿನದೊಳಗೆ ಮುಗಿಯತೊಡಗಿತು. 1914ರ ಏಪ್ರಿಲ್ 3ರಂದು ಮಂಡಿಸಿದ ಪ್ರಬಂಧದಲ್ಲಿ ಅವರು ಈ ರಾಡಿಯನ್ನು ಆಕ್ಟಿವೇಟೆಡ್ ಸ್ಲಡ್ಜ್ ಎಂದರು.

ಫೌಲರ್ 1916ರಲ್ಲಿ ಬೆಂಗಳೂರಿಗೆ, ಊರವರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಆಗಿದ್ದ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕನಾಗಿ ಬಂದ. ಜಗತ್ತಿನೆಲ್ಲೆಡೆಯ ಕೊಳಚೆ ತೊಟ್ಟಿಗಳ ಹಿಂದಿನ ಈ ಮನುಷ್ಯನ ಹೆಸರು ಬೆಂಗಳೂರಿನಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲದಿರುವುದು ಸೋಜಿಗ.

ಜರ್ಮನಿಯ ರೂರ್ ಕಣಿವೆಯವರು ಬೇರೆ ದಾರಿ ಹಿಡಿದರು. ಕಲ್ಲಿದ್ದಲನ್ನು ಹಾಗೆಯೇ ಮುಚ್ಚಿ ಕಾಯಿಸುವ ಕೋಕ್ ಒಲೆಗಳ ನೀರಿಗೆ ಬೆಂಜಾಲ್ ಬೆರೆಸಿ ಫೀನಾಲನ್ನು ಹೀರಿ, ಕಾಸ್ಟಿಕ್ ಸೋಡಾದಿಂದ ಬಿಡಿಸಿ ಮಾರಿದರು. ಸಾರ ಹೆಚ್ಚಿದ್ದ ನೀರಿಗೆ ಅದು ಲಾಭದ ಮಾತು.

ಫೀನಾಲ್ ತೆಗೆಯುವ ಈ ಕೆಲಸಕ್ಕೆಲ್ಲ ಆತುರ ತಂದದ್ದು ಮನುಷ್ಯನ ನಾಲಿಗೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕುಡಿಯುವ ನೀರಿಗೆ ಕ್ಲೋರಿನ್ ಹಾಕುವುದು ಹರಡಿದಾಗ, ಹೊಳೆಯ ಚೂರುಪಾರು ಫೀನಾಲ್ ಕ್ಲೋರೋಫೀನಾಲ್ ಆಗಿ ಔಷಧಿ ರುಚಿ ಕೊಡತೊಡಗಿತು. ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಇದ್ದರೂ ಅದು ಬಾಯಿಗೆ ತಿಳಿಯುತ್ತದೆ. ಆ ರುಚಿ ಕಳೆಯಲು 1929-30ರ ಹೊತ್ತಿಗೆ ಜರ್ಮನಿಯ ಹಾಮ್, ಅಮೆರಿಕದ ಬೇ ಸಿಟಿ ಊರುಗಳು ಸಂಸ್ಕರಿಸಿದ ಇದ್ದಿಲಿನ ಮೂಲಕ ನೀರು ಸೋಸಿದವು.

ಇಂದಿನ ಉಕ್ಕಿನ ಕಾರ್ಖಾನೆಗಳಲ್ಲೂ ಕೋಕ್ ನೀರನ್ನು ಮುಖ್ಯವಾಗಿ ತೊಳೆಯುವುದು ಅದೇ ಗಾಳಿಯೂದುವ ತೊಟ್ಟಿಯ ರಾಡಿ. ಕೆಲಕಾಲ ಒಲೆ ನಿಂತರೆ ರಾಡಿ ಉಪವಾಸ ಬೀಳುತ್ತದೆ, ಆಮೇಲೆ ಒಮ್ಮೆಲೇ ಫೀನಾಲ್ ನುಗ್ಗಿದರೆ ಸಾಯುತ್ತದೆ. ಆಗ ಬೇರೊಂದು ಘಟಕದಿಂದ ಟ್ಯಾಂಕರಿನಲ್ಲಿ ಜೀವಂತ ರಾಡಿ ತರಿಸಿ, ತೆಳು ನೀರು ಕೊಟ್ಟು ಮತ್ತೆ ರೂಢಿ ಮಾಡಿಸಬೇಕಾಗುತ್ತದೆ.