ಹಲಸೂರಿನ ತಿರುವಳ್ಳುವರ್, ಅಯನಾವರದ ಸರ್ವಜ್ಞ

ಬೆಂಗಳೂರಿನ ಹಲಸೂರು ಕೆರೆಯ ಸಮೀಪದ ತಿರುವಳ್ಳುವರ್ ಪ್ರತಿಮೆಯನ್ನು ಸಂದರ್ಶಿಸುವವರಿಗೆ ಅದು ಸ್ಮಾರಕವೊಂದರ ಅರ್ಧಭಾಗ ಮಾತ್ರವೆಂಬುದು ಮೇಲ್ನೋಟಕ್ಕೆ ಹೊಳೆಯುವುದಿಲ್ಲ. ಉಳಿದರ್ಧವು ಚೆನ್ನೈನ ಅಯನಾವರದ ಉದ್ಯಾನದಲ್ಲಿ ಸರ್ವಜ್ಞನ ರೂಪದಲ್ಲಿದೆ. ಮಿನ್‌ಸ್ಕ್, ಕ್ಲೀವ್‌ಲ್ಯಾಂಡ್‌ಗಳಂತಹ ದೂರದ ನಗರಗಳೊಡನೆ ಬೆಂಗಳೂರು ಸೋದರಿ ನಗರವೆಂಬ ವಿಧ್ಯುಕ್ತ ನಂಟನ್ನು ಹೊಂದಿದೆ. ನೆರೆಯ ಚೆನ್ನೈನೊಡನೆ ಅದರ ಸ್ನೇಹವನ್ನು ಸಾರಲು ನಿಂತಿರುವುದು ಈ ಜೋಡಿ ಪ್ರತಿಮೆಗಳು. ಆ ಸ್ನೇಹಕ್ಕೆ ಹಿನ್ನೆಲೆಯಾಗಿರುವುದು ಜಗಳದ ಚರಿತ್ರೆ.

ವಳ್ಳುವರ್ ಪ್ರತಿಮೆ ಸ್ಥಾಪನೆಗೊಂಡುದು 1991ರಲ್ಲಿ. ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಹೊರಬಿದ್ದುದೂ ಅದೇ ವರ್ಷದ ಜೂನ್‌ನಲ್ಲಿ. ಡಿಸೆಂಬರ್‌ನಲ್ಲಿ ಬೆಂಗಳೂರು ಭೀಕರ ಗಲಭೆಗಳನ್ನು ಕಂಡಿತು. ಕನ್ನಡ ಸಂಘಟನೆಗಳ ವಿರೋಧದಿಂದ ಅನಾವರಣ ನಿಂತುಹೋಗಿ, ಪ್ರತಿಮೆ ಹದಿನೆಂಟು ವರ್ಷ ಮುಸುಕಿನೊಳಗೇ ಉಳಿಯಿತು. 2000ದ ಜನವರಿ 1ರಂದು ಕನ್ಯಾಕುಮಾರಿಯಲ್ಲಿ ಇದೇ ಕವಿಯ 133 ಅಡಿಗಳ ಪ್ರತಿಮೆ ಲೋಕಾರ್ಪಣೆಯಾದಾಗಲೂ ಹಲಸೂರಿನ ಮುಸುಕು ಸರಿಯಲಿಲ್ಲ. ಅದೇ ವರ್ಷದ ಜುಲೈನಲ್ಲಿ ವರನಟ ರಾಜಕುಮಾರ್ ಅವರನ್ನು ಅಪಹರಿಸಿದ ವೀರಪ್ಪನ್‌ನ ಬೇಡಿಕೆಗಳಲ್ಲಿ ಈ ಪ್ರತಿಮೆಯ ಅನಾವರಣವೂ ಒಂದಾಗಿತ್ತು. ಕವಿಯೊಬ್ಬನ ಪ್ರತಿಮೆ ಕಾಡುಗಳ್ಳನ ಷರತ್ತುಗಳ ಪಟ್ಟಿಗೆ ಸೇರಿದ ಮೇಲೆ ಅದನ್ನು ಸಾಹಿತ್ಯದ ವಿಷಯವೆಂದು ವಾದಿಸುವುದು ಯಾರಿಗೂ ಸುಲಭವಿರಲಿಲ್ಲ.

2009ರಲ್ಲಿ ಬದಲಾದುದು ಪ್ರತಿಮೆಯಲ್ಲ, ಅದರ ಲೆಕ್ಕ. ಒಂದಕ್ಕೆ ಪ್ರತಿಯಾಗಿ ಇನ್ನೊಂದು ಬಂದುದರಿಂದ ಏಕಪಕ್ಷೀಯ ಬೇಡಿಕೆಯಂತೆ ಕಾಣುತ್ತಿದ್ದುದು ವಿನಿಮಯವಾಯಿತು. ಆಗಸ್ಟ್ 9ರಂದು ತಮಿಳುನಾಡಿನ ಮುಖ್ಯಮಂತ್ರಿ ಎಂ. ಕರುಣಾನಿಧಿ ಅವರು ಹಲಸೂರಿನಲ್ಲಿ ವಳ್ಳುವರ್ ಪ್ರತಿಮೆಯನ್ನೂ, ಆಗಸ್ಟ್ 13ರಂದು ಕರ್ನಾಟಕದ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರು ಅಯನಾವರದಲ್ಲಿ ಸರ್ವಜ್ಞನ ಪ್ರತಿಮೆಯನ್ನೂ ಅನಾವರಣಗೊಳಿಸಿದರು. ಅತಿಥಿಯಾಗಿ ಬಂದವರೇ ತಮ್ಮ ಭಾಷೆಯ ಕವಿಯ ಮುಸುಕು ತೆಗೆದರು. ಆತಿಥೇಯರು ಪಕ್ಕದಲ್ಲಿದ್ದು ಸಮ್ಮತಿಸಿದರು. ಅದೇ ತಿಂಗಳು ಕರ್ನಾಟಕದಲ್ಲಿ ವಿಧಾನಸಭಾ ಉಪಚುನಾವಣೆಗಳಿದ್ದುದನ್ನು ಇತಿಹಾಸಕಾರರು ಮರೆಯುವಂತಿಲ್ಲವಾದರೂ, ಹದಿನೆಂಟು ವರ್ಷಗಳ ಕಗ್ಗಂಟು ಬಿಚ್ಚಿದ್ದನ್ನು ಕೇವಲ ಮತಗಳಿಕೆಯ ಲೆಕ್ಕಕ್ಕೆ ಇಳಿಸುವುದು ಉಚಿತವೆನಿಸದು.

ಕವಿಗಳ ಆಯ್ಕೆಯೂ ಔಚಿತ್ಯಪೂರ್ಣ. ಒಬ್ಬನದು ಎರಡು ಸಾಲಿನ ಕುರಳ್, ಮತ್ತೊಬ್ಬನದು ಮೂರು ಸಾಲಿನ ತ್ರಿಪದಿ. ಇಬ್ಬರೂ ಜನರ ನಾಲಗೆಯ ಮೇಲೆ ಉಳಿದವರು. 1330 ಕುರಳ್‌ಗಳನ್ನು 1886ರಲ್ಲಿ ಇಂಗ್ಲಿಷಿಗೆ ತಂದವರು ಪಾದ್ರಿ ಜಿ.ಯು. ಪೋಪ್, ಊರೂರು ಅಲೆದು ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ಉತ್ತಂಗಿ ಚನ್ನಪ್ಪನವರೂ ಕ್ರೈಸ್ತ ಪಾದ್ರಿಗಳೇ ಎಂಬುದು ಕುತೂಹಲಕರ. ಕುರಳ್ ಕನ್ನಡಕ್ಕೆ ಬರಲು ಪ್ರತಿಮೆಗಾಗಿ ಕಾಯಲಿಲ್ಲ. ಆರ್. ನರಸಿಂಹಾಚಾರ್ಯರು ಅದರ ಆಯ್ದ ಭಾಗಗಳನ್ನು ‘ನೀತಿಮಂಜರಿ’ಯಲ್ಲಿ ಬಹು ಹಿಂದೆಯೇ ನೀಡಿದ್ದರು, ಎಲ್. ಗುಂಡಪ್ಪನವರ ಅನುವಾದವೂ ಓದುಗರ ಕೈಯಲ್ಲಿತ್ತು. ಪ್ರತಿಮೆಗೆ ಮುಸುಕು ಹಾಕಿದ್ದ ವರ್ಷಗಳಲ್ಲೂ ಗ್ರಂಥಾಲಯಗಳಲ್ಲಿ ವಳ್ಳುವರ್ ಕನ್ನಡದಲ್ಲಿಯೇ ದೊರೆಯುತ್ತಿದ್ದ.

ಪ್ರತಿಮೆಗಳು ನೀರಿನ ವ್ಯಾಜ್ಯವನ್ನು ತೀರಿಸಲಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಮತ್ತೆ ಹೊತ್ತಿ ಉರಿಯಿತು. ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಕರ್ನಾಟಕದ ಪಾಲನ್ನು 14.75 ಟಿ.ಎಂ.ಸಿ.ಯಷ್ಟು ಹೆಚ್ಚಿಸಿತು, ಅದರಲ್ಲಿ 4.75 ಟಿ.ಎಂ.ಸಿ. ನೀರನ್ನು ಮೀಸಲಿಟ್ಟದ್ದು ವಳ್ಳುವರ್ ನಿಂತಿರುವ ಬೆಂಗಳೂರು ನಗರದ ಅಗತ್ಯಕ್ಕೆ.