ಕತ್ತಲ ಕೋಣೆಗೆ ಯಾವ ಗಿಡ? ಶಿಕಾರಿಪುರ, ಸೊರಬದ ಮನೆಗಳಿಗೆ ಹೊಂದುವ ಒಳಗಿಡಗಳು

ಮನೆಯೊಳಗೆ ಗಿಡ ಸಾಕುವ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಬೆಂಗಳೂರಿನ ಫ್ಲ್ಯಾಟುಗಳನ್ನೋ ಚಳಿದೇಶಗಳ ಮನೆಗಳನ್ನೋ ನೋಡಿ ಬರೆದಂಥವು. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ತಾಲ್ಲೂಕುಗಳಿಗೆ ಅವು ಅರ್ಧಂಬರ್ಧ ಹೊಂದುತ್ತವೆ. ಮಲೆನಾಡು ತಗ್ಗುತ್ತ ಬಯಲುಸೀಮೆಗೆ ಸೇರಿಕೊಳ್ಳುವ ಜಾಗ ಇದು. ಸೊರಬದ ಪಶ್ಚಿಮಕ್ಕೆ, ಚಂದ್ರಗುತ್ತಿಯ ಕಡೆ, ಅಡಿಕೆ ತೋಟ, ಕಾನು, ಜಡಿಮಳೆ. ಶಿಕಾರಿಪುರ ದಾಟಿ ಪೂರ್ವಕ್ಕೆ ಹೋದಂತೆ ಮೆಕ್ಕೆಜೋಳದ ಹೊಲ ಮತ್ತು ಒಣಗಾಳಿ. ಒಂದೇ ನರ್ಸರಿಯಿಂದ ತಂದ ಒಂದೇ ಗಿಡ ಈ ಎರಡು ಕಡೆ ಎರಡು ಬಗೆಯ ಆರೈಕೆ ಕೇಳುತ್ತದೆ.

ಕೋಣೆಗೆ ಕತ್ತಲು ಬರುವ ಬಗೆ

ಹಳೆಯ ಹೆಂಚಿನ ಮನೆಯಲ್ಲಿ ಮಾಡು ತಗ್ಗಾಗಿ ಇಳಿದಿರುತ್ತದೆ. ಜಗಲಿ ದಾಟಿದರೆ ನಡುಮನೆ, ಅದರಾಚೆ ದೇವರ ಕೋಣೆ, ಅಡುಗೆಮನೆ. ನಡುಮನೆಗೆ ಕಿಟಕಿ ಅಪರೂಪ. ಹೆಂಚುಗಳ ನಡುವೆ ಕೂರಿಸಿದ ಒಂದೆರಡು ಗಾಜಿನ ಹೆಂಚಿನಿಂದ ಇಳಿಯುವ ಬೆಳಕೇ ಅಲ್ಲಿಗೆ ಗತಿ. ಮಳೆಗಾಲ ಬಂತೆಂದರೆ ಇರಚಲು ಹೊಡೆಯದಂತೆ ಜಗಲಿಗೆ ಸೋಗೆಯ ತಟ್ಟಿಯನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಕಟ್ಟುತ್ತಾರೆ. ಗಾಜಿನ ಹೆಂಚಿನ ಮೇಲೆ ಪಾಚಿ ಹಿಡಿಯುತ್ತದೆ. ಪೇಟೆಯ ಆರ್‌ಸಿಸಿ ಮನೆಗಳಲ್ಲಿ ಕಿಟಕಿಗಳೇನೋ ದೊಡ್ಡವು, ಆದರೆ ತೆರೆದರೆ ಕೈಗೆಟಕುವಷ್ಟು ಹತ್ತಿರ ಪಕ್ಕದ ಮನೆಯ ಗೋಡೆ. ಬಸ್ ನಿಲ್ದಾಣದ ಸುತ್ತಲಿನ ಅಂಗಡಿಗಳಿಗೆ ಮುಂದಿನ ಶಟರ್ ಬಿಟ್ಟರೆ ಬೆಳಕು ಬರುವ ಬೇರೆ ದಾರಿಯೇ ಇಲ್ಲ.

ದಿಕ್ಕಿನ ಲೆಕ್ಕವೂ ಪುಸ್ತಕದಲ್ಲಿ ಇರುವಂತೆ ಇಲ್ಲಿಲ್ಲ. ಈ ಊರುಗಳು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ. ಡಿಸೆಂಬರಿನಲ್ಲಿ ನೆತ್ತಿಯಿಂದ ದಕ್ಷಿಣಕ್ಕೆ ಸುಮಾರು 38 ಡಿಗ್ರಿ ವಾಲುತ್ತಾನೆ. ಹಾಗಾಗಿ ದಕ್ಷಿಣದ ಕಿಟಕಿಯಿಂದ ಬಿಸಿಲು ಕೋಣೆಯೊಳಕ್ಕೆ ಚಾಚುವುದು ಚಳಿಗಾಲದಲ್ಲಿ. ಮೇ ತಿಂಗಳಲ್ಲಿ ಬೆಳಗ್ಗೆ ಸಂಜೆ ಉತ್ತರದ ಕಿಟಕಿಯಲ್ಲೂ ಬಿಸಿಲು ಇಣುಕುತ್ತದೆ. ಉತ್ತರದ ಕಿಟಕಿಯಲ್ಲಿ ಎಂದೂ ಬಿಸಿಲು ಬೀಳದು ಎಂಬ ಮಾತನ್ನು ಇಲ್ಲಿ ನಂಬುವಂತಿಲ್ಲ.

ಬೆಳಕನ್ನು ಅಳೆಯಬೇಕಾದ ತಿಂಗಳು

ನಮ್ಮ ಕಣ್ಣು ಕತ್ತಲಿಗೆ ಬೇಗ ಒಗ್ಗಿಕೊಳ್ಳುವುದರಿಂದ ಕೋಣೆಯ ಬೆಳಕನ್ನು ಅಂದಾಜು ಮಾಡಲು ಅದನ್ನು ನಂಬುವಂತಿಲ್ಲ. ಬಯಲಿನ ನಡುಹಗಲ ಬಿಸಿಲು ಸುಮಾರು 1,00,000 ಲಕ್ಸ್ ಇದ್ದರೆ, ಕಿಟಕಿಯಿಂದ ಹತ್ತಡಿ ಒಳಗೆ ಅದು 100–200 ಲಕ್ಸ್‌ಗೆ ಇಳಿದಿರುವುದುಂಟು. ಮೊಬೈಲಿನ ಲಕ್ಸ್ ಮೀಟರ್ ಆ್ಯಪ್‌ಗಳು ಕರಾರುವಾಕ್ಕಲ್ಲದಿದ್ದರೂ ಈ ಮೂಲೆಗೂ ಆ ಮೂಲೆಗೂ ಇರುವ ವ್ಯತ್ಯಾಸ ತೋರಿಸಲು ಸಾಕು. ಆ್ಯಪ್ ಬೇಡವೆಂದರೆ ಗಿಡ ಇಡುವ ಜಾಗದಲ್ಲಿ ಬಿಳಿ ಹಾಳೆ ಹಾಸಿ, ಒಂದಡಿ ಮೇಲೆ ಅಂಗೈ ಹಿಡಿಯಿರಿ. ನೆರಳಿನ ಅಂಚು ಸ್ಪಷ್ಟವಾಗಿದ್ದರೆ ಒಳ್ಳೆಯ ಬೆಳಕು. ಮಸುಕಾಗಿ ಕಂಡರೆ ನೆರಳು ಸಹಿಸುವ ಗಿಡಗಳಿಗೆ ಸಾಕು. ನೆರಳೇ ಕಾಣದಿದ್ದರೆ ಅಲ್ಲಿ ಬಲ್ಬಿಲ್ಲದೆ ಯಾವ ಗಿಡವೂ ಬಹಳ ದಿನ ಬಾಳದು.

ಈ ಪರೀಕ್ಷೆಯನ್ನು ಮಾರ್ಚಿನಲ್ಲಿ ಮಾಡಿ ಗಿಡ ತರುವುದು ಇಲ್ಲಿನ ದೊಡ್ಡ ತಪ್ಪು. ಆರಿದ್ರ ಮಳೆಯಿಂದ ಆಶ್ಲೇಷ ಮಳೆಯವರೆಗೆ ಆಕಾಶ ಮುಚ್ಚಿಕೊಂಡೇ ಇರುತ್ತದೆ. ಆ ಎರಡು ತಿಂಗಳು ಮಧ್ಯಾಹ್ನವೂ ದೀಪ ಹಾಕುವ ಮನೆಗಳಿವೆ. ಜುಲೈನಲ್ಲಿ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಸಿಗುವ ಬೆಳಕನ್ನೇ ಲೆಕ್ಕಕ್ಕೆ ಹಿಡಿಯಬೇಕು. ಆಗ 250 ಲಕ್ಸ್ ಇದ್ದರೆ ಗಟ್ಟಿ ಗಿಡಗಳು ತಾಳಿಕೊಳ್ಳುತ್ತವೆ, 500 ದಾಟಿದರೆ ಎಲೆ ಬಿಡುತ್ತವೆ.

ಕಾನಿನ ಪಾಠ

ನೆರಳಲ್ಲಿ ಬದುಕುವ ಗಿಡ ಹೇಗಿರುತ್ತದೆಂದು ತಿಳಿಯಲು ಸೊರಬದವರು ದೂರ ಹೋಗಬೇಕಿಲ್ಲ. ಹಳ್ಳಿಗರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ನಿತ್ಯಹರಿದ್ವರ್ಣ ಕಾಡಿನ ತುಣುಕುಗಳಿಗೆ ಇಲ್ಲಿ ಕಾನು ಎನ್ನುತ್ತಾರೆ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರ್ಯಾಂಟ್ ಎಂಬ ಅಧಿಕಾರಿಗಳು ಸೊರಬ ತಾಲ್ಲೂಕೊಂದರಲ್ಲೇ 171 ಕಾನುಗಳಿರುವುದಾಗಿ ವರದಿ ಮಾಡಿದ್ದರು. ಪಕ್ಕದ ಸಿದ್ದಾಪುರ ತಾಲ್ಲೂಕಿನ ಒಂದು ಕಾನಿಗಂತೂ ಕತ್ತಲೆಕಾನು ಎಂದೇ ಹೆಸರು. ಇಂಥ ದಟ್ಟ ಕಾಡಿನ ನೆಲಕ್ಕೆ ತಲುಪುವುದು ಮೇಲಿನ ಬೆಳಕಿನ ನೂರರಲ್ಲಿ ಒಂದೆರಡು ಪಾಲು. ಅಲ್ಲಿ ಬದುಕುವ ಗಿಡಗಳ ಎಲೆ ಅಗಲ, ಬಣ್ಣ ಕಡುಹಸಿರು, ಬೆಳವಣಿಗೆ ನಿಧಾನ. ಹಗಲು ತಯಾರಿಸಿದ ಸಕ್ಕರೆಯನ್ನು ಉಸಿರಾಟಕ್ಕೆ ಹಿತಮಿತವಾಗಿ ಖರ್ಚು ಮಾಡುವ ಗಿಡಗಳಿವು. ಗಳಿಕೆಗಿಂತ ಖರ್ಚು ಹೆಚ್ಚಾದರೆ ಕಾಂಡ ತೆಳ್ಳಗಾಗಿ ಬೆಳಕಿನ ಕಡೆ ಬಾಗುತ್ತದೆ, ಹಳೆಯ ಎಲೆಗಳು ಉದುರುತ್ತವೆ.

ನರ್ಸರಿಯವರು ಒಳಗಿಡ ಎಂದು ಮಾರುವುದರಲ್ಲಿ ಬಹುಪಾಲು ಇಂಥದೇ ಬೇರೆ ದೇಶಗಳ ಕಾಡುಗಳ ಗಿಡಗಳು. ಬಿಳಿ, ಹಳದಿ ಪಟ್ಟೆಯ ಎಲೆಗಳು ಕಣ್ಣಿಗೆ ಚೆಂದ, ಆದರೆ ಹಸಿರಿಲ್ಲದ ಭಾಗದಲ್ಲಿ ಪತ್ರಹರಿತ್ತು ಇಲ್ಲದ ಕಾರಣ ಅವಕ್ಕೆ ಬೆಳಕು ಹೆಚ್ಚು ಬೇಕು. ಕತ್ತಲ ಮೂಲೆಗೆ ಕಡುಹಸಿರಿನದೇ ವಾಸಿ.

ಆರಿಸಬಹುದಾದ ಗಿಡಗಳು

ನಡುಮನೆಗೆ ಮೊದಲ ಆಯ್ಕೆ ಝಡ್‌ಝಡ್ ಪ್ಲಾಂಟ್. ಇದರ ತವರು ಪೂರ್ವ ಆಫ್ರಿಕ. ಡಚ್ ನರ್ಸರಿಗಳು 1996ರ ಸುಮಾರಿಗೆ ಇದನ್ನು ಮಾರಾಟಕ್ಕೆ ಬೆಳೆಸತೊಡಗಿದ ಮೇಲೆ ಜಗತ್ತಿಗೆಲ್ಲ ಹಬ್ಬಿತು. ಮಣ್ಣಿನೊಳಗಿನ ಗೆಡ್ಡೆಗಳಲ್ಲಿ ನೀರು ಕೂಡಿಟ್ಟುಕೊಳ್ಳುವುದರಿಂದ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ನೀರು ಕೊಟ್ಟರೂ ನಡೆಯುತ್ತದೆ. ಬೆಲೆ ಮಾತ್ರ ತುಸು ಜಾಸ್ತಿ.

ಪಶ್ಚಿಮ ಆಫ್ರಿಕದ ಸ್ನೇಕ್ ಪ್ಲಾಂಟ್ ಇದಕ್ಕೆ ಸರಿಸಾಟಿ. ಮುಚ್ಚಿದ ಅಂಗಡಿಗಳಿಗೆ ನಾನು ಇದನ್ನೇ ಹೇಳುವುದು: ಭಾನುವಾರ ಶಟರ್ ಎಳೆದುಕೊಂಡರೂ ಬೇಸರಿಸದು. ಹಳದಿ ಅಂಚಿನ ಬಗೆಯ ಎಲೆ ತುಂಡರಿಸಿ ನೆಟ್ಟರೆ ಹುಟ್ಟುವ ಮರಿಗಳಿಗೆ ಆ ಅಂಚು ಬರುವುದಿಲ್ಲ. ಅಂಚು ಉಳಿಯಬೇಕಾದರೆ ಬುಡದಿಂದ ಗೆಡ್ಡೆಸಮೇತ ಸೀಳಬೇಕು.

ಮನಿ ಪ್ಲಾಂಟ್ ಬಗ್ಗೆ ಹೇಳದೆ ಇರುವಂತಿಲ್ಲ. ಫ್ರೆಂಚ್ ಪಾಲಿನೇಷ್ಯದ ಮೋರಿಯಾ ಎಂಬ ಪುಟ್ಟ ದ್ವೀಪದ ಈ ಬಳ್ಳಿ ಈಗ ಇಲ್ಲದ ಊರಿಲ್ಲ. ನೆರಳು ಸಹಿಸುತ್ತದೆ, ಬಾಟಲಿಯ ನೀರಿನಲ್ಲೂ ಬೇರು ಬಿಡುತ್ತದೆ, ಒಂದು ಗೆಣ್ಣಿದ್ದರೆ ಗಿಡವಾಗುತ್ತದೆ. ಮನೆಯೊಳಗೆ ಅಂಗೈಯಷ್ಟಿರುವ ಎಲೆ ಮರ ಹತ್ತಿದಾಗ ಮೊರದಗಲ ಆಗುವುದನ್ನು ಅಡಿಕೆ ತೋಟಗಳಲ್ಲಿ ನೋಡಬಹುದು. ಹೀಗಾಗಿ ಕತ್ತರಿಸಿದ ಬಳ್ಳಿಯನ್ನು ಹಳ್ಳಕ್ಕೋ ಕಾನಿನ ಅಂಚಿಗೋ ಎಸೆಯಬಾರದು. ಒಮ್ಮೆ ಬೇರೂರಿದರೆ ಅಲ್ಲಿನ ಸಣ್ಣ ಸಸ್ಯಗಳನ್ನು ಮುಚ್ಚಿಹಾಕುತ್ತದೆ.

ಅಗ್ಲೋನಿಮಾದ ಹಸಿರು ಬಗೆ, ಸಿಂಗೋನಿಯಂ, ಪೀಸ್ ಲಿಲಿ ಇವು ಕಿಟಕಿಯಿಂದ ಆರೇಳು ಅಡಿಯೊಳಗೆ ಚೆನ್ನಾಗಿರುತ್ತವೆ. ಪೀಸ್ ಲಿಲಿ ಬಾಯಾರಿದಾಗ ಎಲೆಗಳನ್ನೆಲ್ಲ ಜೋತುಬಿಟ್ಟು ತಾನೇ ಹೇಳುತ್ತದೆ, ಆದರೆ ಕತ್ತಲಲ್ಲಿ ಹೂ ಬಿಡದು.

ಊರಿನದೇ ಗಿಡ ಬೇಕೆನ್ನುವವರಿಗೆ ಬಾವಿಯ ಗೋಡೆಯಲ್ಲಿ ತಾನಾಗಿ ಹುಟ್ಟುವ, ಕಪ್ಪು ಕಡ್ಡಿಯ ಜರಿಗಿಡ ಇದೆ. ಕಿಟಕಿಯಿರುವ ಬಚ್ಚಲಮನೆ ಅದಕ್ಕೆ ಹೇಳಿ ಮಾಡಿಸಿದ ಜಾಗ. ಸೊರಬದಲ್ಲಿ ವರ್ಷದ ಹೆಚ್ಚು ಕಾಲ ಹಸಿರಾಗಿರುತ್ತದೆ. ಶಿಕಾರಿಪುರದ ಏಪ್ರಿಲ್ ಗಾಳಿಗೆ ಅಂಚು ಸುಟ್ಟುಕೊಳ್ಳುತ್ತದೆ. ವೀಳ್ಯದೆಲೆ, ಕಾಳುಮೆಣಸಿನ ಬಳ್ಳಿಗಳು ತೋಟದ ನೆರಳಿನವೇ ಆದರೂ ಆ ನೆರಳು ನಡುಮನೆಗಿಂತ ಎಷ್ಟೋ ಪಾಲು ಬೆಳಕಿನದು. ಅವು ಜಗಲಿಯ ತುದಿಗೇ ಸರಿ. ತುಳಸಿ, ದಾಸವಾಳ, ಡೇರೆ ಅಂಗಳ ಬಿಟ್ಟು ಒಳಗೆ ಬರಬಾರದು. ಮರದ ಮೇಲಿನ ಸೀತಾಳೆ ದಂಡೆಯನ್ನು ಕಿತ್ತು ತಂದು ಕೋಣೆಯಲ್ಲಿ ನೇತುಹಾಕಿದರೆ ಹೂವೂ ಇಲ್ಲ, ಕೊನೆಗೆ ಗಿಡವೂ ಇಲ್ಲ.

ನೀರು: ಗಿಡ ಸಾಯುವುದು ಇಲ್ಲೇ

ಕತ್ತಲ ಕೋಣೆಯ ಗಿಡಗಳು ಕತ್ತಲಿಗಿಂತ ಹೆಚ್ಚಾಗಿ ನೀರಿನಿಂದ ಸಾಯುತ್ತವೆ. ಬೆಳಕು ಕಡಿಮೆಯಾದಾಗ ಗಿಡ ನೀರು ಕುಡಿಯುವುದೂ ಕಡಿಮೆ. ಜುಲೈನಲ್ಲಿ ಗಾಳಿಯೇ ತೇವದಿಂದ ತುಂಬಿ, ಒಗೆದ ಬಟ್ಟೆ ಮೂರು ದಿನಕ್ಕೂ ಆರದೆ ಮುಗ್ಗಲು ವಾಸನೆ ಹೊಡೆಯುವಾಗ ಕುಂಡದ ಮಣ್ಣು ಎಲ್ಲಿಂದ ಆರೀತು? ಮಣ್ಣಿನ ಸಂದುಗಳಲ್ಲಿ ಗಾಳಿಯ ಬದಲು ನೀರು ನಿಂತರೆ ಬೇರಿಗೆ ಉಸಿರಾಟವಿಲ್ಲ, ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಮೇಲಕ್ಕೆ ಕಳಿಸಲಾರದ್ದರಿಂದ ಎಲೆ ಬಾಡುತ್ತದೆ. ಬಾಡಿದ್ದನ್ನು ನೋಡಿ ಮನೆಯವರು ಇನ್ನೊಂದು ಚೊಂಬು ಸುರಿಯುತ್ತಾರೆ. ಅಲ್ಲಿಗೆ ಮುಗಿಯಿತು.

ವಾರಕ್ಕೆ ಇಷ್ಟು ಸಲ ಎಂಬ ಲೆಕ್ಕವನ್ನು ಬಿಡಿ. ತೋರುಬೆರಳನ್ನು ಎರಡನೆಯ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ. ತಂಪು ತಾಗಿದರೆ ನೀರು ಬೇಡ. ಕೊಡುವಾಗ ತಳದ ತೂತಿನಿಂದ ಹರಿಯುವಷ್ಟು ಕೊಟ್ಟು, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ತಟ್ಟೆಯ ನೀರು ಸೊಳ್ಳೆ ಮರಿಗಳಿಗೂ ತೊಟ್ಟಿಲು. ಡೆಂಗಿ ಹರಡುವ ಸೊಳ್ಳೆ ಇಂಥ ತಿಳಿನೀರಿನಲ್ಲೇ ಮೊಟ್ಟೆ ಇಡುವುದು. ಬಾಟಲಿಯಲ್ಲಿ ಮನಿ ಪ್ಲಾಂಟ್ ಇಟ್ಟವರೂ ವಾರಕ್ಕೊಮ್ಮೆ ನೀರು ಬದಲಿಸಬೇಕು. ಫೆಬ್ರವರಿಯಿಂದ ಮೇವರೆಗೆ, ಅದರಲ್ಲೂ ಶಿಕಾರಿಪುರದ ಕಡೆ, ಲೆಕ್ಕ ತಿರುಗುಮುರುಗು: ಸಿಂಗೋನಿಯಂ, ಪೀಸ್ ಲಿಲಿಗಳಿಗೆ ಎರಡು ದಿನಕ್ಕೊಮ್ಮೆ ಬೇಕಾಗಬಹುದು.

ಮಣ್ಣು ಮತ್ತು ಕುಂಡ

ಅಂಗಳದ ಕೆಮ್ಮಣ್ಣನ್ನು ಹಾಗೇ ತುಂಬಿದರೆ ಮಳೆಗಾಲಕ್ಕೆ ಗಟ್ಟಿ ಹೆಂಟೆಯಾಗುತ್ತದೆ. ಒಂದು ಪಾಲು ಕೆಮ್ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ಸುಟ್ಟ ಭತ್ತದ ಹೊಟ್ಟು ಬೆರೆಸಿ. ಎರಡೂ ತಾಲ್ಲೂಕು ಭತ್ತ ಬೆಳೆಯುವವು, ಹೊಟ್ಟಿಗೆ ಅಕ್ಕಿ ಗಿರಣಿಯಲ್ಲಿ ಕೇಳಿದರೆ ಸಾಕು. ಝಡ್‌ಝಡ್, ಸ್ನೇಕ್ ಪ್ಲಾಂಟ್‌ಗಳಿಗೆ ಇನ್ನೊಂದು ಪಾಲು ಮರಳು ಸೇರಲಿ. ಸೊರಬದಂಥ ತೇವದ ಕಡೆ ಮಣ್ಣಿನ ಕುಂಡ ಒಳ್ಳೆಯದು, ಗೋಡೆಯ ಮೂಲಕವೂ ನೀರು ಆರುತ್ತದೆ. ಒಣಗಾಳಿಯ ಕಡೆ ಪ್ಲಾಸ್ಟಿಕ್ ಆದೀತು. ಕುಂಡ ಯಾವುದಾದರೂ ತಳದಲ್ಲಿ ತೂತಿರಬೇಕು.

ಮಸಿ, ದೂಳು, ತಿಗಣೆ

ಒಲೆಯ ಹೊಗೆ, ಊದುಬತ್ತಿ, ರಸ್ತೆಯ ದೂಳು ಎಲೆಯ ಮೇಲೆ ಕೂತರೆ ಮೊದಲೇ ಕಡಿಮೆ ಇರುವ ಬೆಳಕು ಇನ್ನೂ ಕಡಿಮೆಯಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ; ಗಾಜಿನ ಹೆಂಚನ್ನು ಮಳೆಗೆ ಮುಂಚೆ ಒಮ್ಮೆ ತಿಕ್ಕಿಸಿ. ಎಲೆಕಂಕುಳಲ್ಲಿ ಬಿಳಿ ಹತ್ತಿಯಂಥ ಹಿಟ್ಟು ತಿಗಣೆ ಕಂಡರೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ನೀರು ಕಲಕಿ ಸಂಜೆ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ.

ಮಕ್ಕಳು, ಕರುಗಳು

ಮನಿ ಪ್ಲಾಂಟ್, ಸಿಂಗೋನಿಯಂ, ಅಗ್ಲೋನಿಮಾ, ಪೀಸ್ ಲಿಲಿ, ಝಡ್‌ಝಡ್ ಎಲ್ಲವೂ ಕೆಸುವಿನ ಕುಟುಂಬದವು. ಕೆಸುವಿನ ಸೊಪ್ಪು ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುವಂತೆ ಮಾಡುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳುಗಳು ಇವುಗಳಲ್ಲೂ ಇವೆ. ಮಗು ಜಗಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ. ಬಾಯಿ ತೊಳೆಸಿ ವೈದ್ಯರಿಗೆ ತೋರಿಸಬೇಕು. ಕತ್ತರಿಸಿದ ಬಳ್ಳಿಯನ್ನು ಮೇವಿನ ಜೊತೆ ಕೊಟ್ಟಿಗೆಗೆ ಹಾಕಲೇಬಾರದು.

ಗಾಳಿ ಶುದ್ಧವಾಗುತ್ತದೆಯೇ?

ನರ್ಸರಿಯ ಚೀಟಿಗಳಲ್ಲಿ ನಾಸಾದ ಹೆಸರು ಇದ್ದೇ ಇರುತ್ತದೆ. ಗಿಡಗಳು ಗಾಳಿಯನ್ನು ಶುದ್ಧಗೊಳಿಸುತ್ತವೆಯೇ ಎಂದು ನೋಡಿದ 1989ರ ನಾಸಾ ಪ್ರಯೋಗ ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಇಂಥ ಪ್ರಯೋಗಗಳನ್ನೆಲ್ಲ 2019ರಲ್ಲಿ ಒಟ್ಟಿಗೆ ಪರಿಶೀಲಿಸಿದ ಅಮೆರಿಕದ ಸಂಶೋಧಕರು, ಕಿಟಕಿ ಬಾಗಿಲುಗಳ ಗಾಳಿಯಾಟಕ್ಕೆ ಸಮನಾಗಬೇಕಾದರೆ ಚದರ ಮೀಟರಿಗೆ 10ರಿಂದ 1,000 ಗಿಡ ಬೇಕೆಂದು ಲೆಕ್ಕ ಹಾಕಿದರು. ಸ್ನೇಕ್ ಪ್ಲಾಂಟ್ ರಾತ್ರಿ ಆಮ್ಲಜನಕ ಕೊಡುತ್ತದೆ ಎಂಬುದೂ ಅಪಾರ್ಥ: ಅದು ರಾತ್ರಿ ಇಂಗಾಲದ ಡೈಆಕ್ಸೈಡ್ ಒಳಗೆಳೆದುಕೊಳ್ಳುತ್ತದೆ, ಆಮ್ಲಜನಕ ಹೊರಬರುವುದು ಹಗಲಿನಲ್ಲೇ. ಗಿಡ ಇಟ್ಟುಕೊಳ್ಳಲು ಅದು ಚೆಂದ ಎನ್ನುವುದೊಂದು ಕಾರಣ ಸಾಲದೇ?

ಬಲ್ಬಿನ ಬೆಳಕು

ಕೈನೆರಳೂ ಬೀಳದ ಮೂಲೆಗೆ ಸಾಧಾರಣ ಬಿಳಿ ಎಲ್‌ಇಡಿ ಬಲ್ಬು ಸಾಕು, ನೇರಳೆ ಬಣ್ಣದ ದುಬಾರಿ ದೀಪ ಬೇಕಾಗಿಲ್ಲ. 9 ವ್ಯಾಟಿನ ಬಲ್ಬನ್ನು ಗಿಡದಿಂದ ಒಂದಡಿ ಮೇಲೆ ಇಳಿಬಿಟ್ಟು ದಿನಕ್ಕೆ 12 ತಾಸು ಉರಿಸಿದರೆ ತಿಂಗಳಿಗೆ ಮೂರೂಕಾಲು ಯೂನಿಟ್ ಆಗುತ್ತದೆ. ದೂರ ಎರಡಡಿಯಾದರೆ ಬೆಳಕು ಹೆಚ್ಚುಕಡಿಮೆ ಕಾಲುಪಾಲಿಗೆ ಇಳಿಯುವುದರಿಂದ ಮಾಡಿನಿಂದ ಜೋತುಬಿದ್ದ ದೀಪ ಗಿಡಕ್ಕೆ ಉಪಯೋಗವಿಲ್ಲ. ಇಷ್ಟು ಖರ್ಚೂ ಬೇಡವೆಂದರೆ ಎರಡು ಕುಂಡಗಳನ್ನು ಇಟ್ಟುಕೊಂಡು, ಹದಿನೈದು ದಿನ ಒಂದು ಒಳಗೆ, ಇನ್ನೊಂದು ಜಗಲಿಯಲ್ಲಿ ಎಂದು ಅದಲುಬದಲು ಮಾಡಬಹುದು. ಜಗಲಿಗೆ ತಂದ ದಿನವೇ ಬಿಸಿಲಿಗೆ ಒಡ್ಡಬೇಡಿ. ನೆರಳಿನ ಎಲೆ ಒಂದೇ ಮಧ್ಯಾಹ್ನದಲ್ಲಿ ಬಿಳಿಚಿ ಸುಟ್ಟುಹೋಗುತ್ತದೆ.